ತಟ್ಟೆಯ ಕೊನೆಯ ಸುತ್ತು

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಇಪ್ಪತ್ತಾರು ವರ್ಷದಿಂದ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಇದು ಸ್ಪಷ್ಟವಾ, ಅದು ಸ್ಪಷ್ಟವಾ" ಎಂದು ಕೇಳಿ ಕೇಳಿ ನನ್ನ ಸ್ವಭಾವವೇ ಹಾಗಾಗಿಬಿಟ್ಟಿದೆ. ಯಾವುದೂ ಮಸುಕಾಗಿರಬಾರದು. ಮಸುಕಾಗಿದ್ದರೆ ಅದು ಸರಿಹೋಗುವವರೆಗೆ ನಾನೂ ಸುಮ್ಮನಿರುವುದಿಲ್ಲ, ಮನೆಯವರನ್ನೂ ಸುಮ್ಮನಿರಲು ಬಿಡುವುದಿಲ್ಲ ಎಂದು ಅಕ್ಕ ಹೇಳುತ್ತಾಳೆ. ಮನೆಯವರು ಅಂದರೆ ಅವಳೊಬ್ಬಳೇ. ನನ್ನ ಸಿಟ್ಟಿನ ಬಗ್ಗೆಯೂ ಅವಳು ಬೇಕಾದಷ್ಟು ಹೇಳುತ್ತಾಳೆ, ಅದನ್ನು ನಾನೇ ಯಾಕೆ ಹೇಳಿಕೊಳ್ಳಲಿ.

ನನಗೆ ಅಮ್ಮನ ನೆನಪಿಲ್ಲ. ಅವಳು ಹೋದಾಗ ನನಗೆ ಒಂದೂವರೆ ವರ್ಷ, ಅಕ್ಕನಿಗೆ ಎಂಟು. ಅಮ್ಮನದು ಅಂತ ಉಳಿದಿರುವುದು ನಾಲ್ಕು ಫೋಟೋ, ಒಂದು ಶಾಲು, ಒಂದು ತಟ್ಟೆ. ಊಟದ ತಟ್ಟೆಯಲ್ಲ, ಹಾಡಿನ ತಟ್ಟೆ. ಆ ಕಾಲದಲ್ಲಿ ಫೋಟೋ ಸ್ಟುಡಿಯೋದ ಹಿಂದುಗಡೆ ಒಂದು ಸಣ್ಣ ಕೋಣೆಯಿತ್ತಂತೆ. ನಾವು ಹಾಡುತ್ತಿದ್ದ ಹಾಗೇ ಅಲ್ಲಿನ ಯಂತ್ರ ಕಪ್ಪು ತಟ್ಟೆಯ ಮೇಲೆ ಗೀರು ಕೊರೆದು, ಬಿಸಿಬಿಸಿಯಾಗಿ ಕೈಗೆ ಕೊಡುತ್ತಿತ್ತಂತೆ. ಅಂಗಡಿಯಲ್ಲಿ ಸಿಗುವ ರೆಕಾರ್ಡಿನಷ್ಟು ಗಟ್ಟಿಯಲ್ಲ ಅದು. ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಮೆತ್ತನೆಯ ಲೇಪ, ಅಷ್ಟೇ. ಇರುವುದು ಒಂದೇ ಪ್ರತಿ. ಸೂಜಿ ಇಟ್ಟಾಗೆಲ್ಲ ಒಂದಿಷ್ಟು ಸವೆಯುತ್ತದೆ.

ಅದರಲ್ಲಿ ಅಮ್ಮ ಮೂರು ನಿಮಿಷ ಒಂದು ಹಾಡು ಹಾಡಿದ್ದಾಳೆ. ಹಾಡು ಮುಗಿದ ಮೇಲೆ, ಯಂತ್ರ ನಿಲ್ಲುವ ಮುಂಚೆ, ಒಂದೆರಡು ಮಾತೂ ಆಡಿದ್ದಾಳೆ. ಆ ಮಾತು ನನಗೆ ಆಡಿದ್ದು. "ಪುಟ್ಟೀ, ಬಾ ನನ್ನ ಬಂಗಾರ, ಬಾ ಇಲ್ಲಿ" ಅಂತ. ಇದನ್ನು ನನಗೆ ಹೇಳಿದವರು ಅಪ್ಪ ಮತ್ತು ಅಕ್ಕ. ಸಣ್ಣವಳಿದ್ದಾಗ ವರ್ಷಕ್ಕೊಮ್ಮೆ ಅಪ್ಪ ಆ ತಟ್ಟೆ ಹಾಕುತ್ತಿದ್ದರು. ಹಾಡು ಮುಗಿಯುತ್ತಿದ್ದ ಹಾಗೇ ಪಟಕ್ಕನೆ ಸೂಜಿ ಎತ್ತಿಬಿಡುತ್ತಿದ್ದರು. "ಕೊನೇಲಿ ಸೂಜಿ ಜಾರುತ್ತೆ, ತಟ್ಟೆ ಹಾಳಾಗುತ್ತೆ," ಎನ್ನುತ್ತಿದ್ದರು. ನಾನು ಅತ್ತರೆ ಅಕ್ಕ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಮಾತನ್ನು ತಾನೇ ಹೇಳುತ್ತಿದ್ದಳು. ಅವಳ ಬಾಯಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೇನೋ. ಆದರೆ ಅಮ್ಮನ ಬಾಯಲ್ಲಿ ಒಂದು ಸಲವೂ ಕೇಳಿರಲಿಲ್ಲ. ಐವತ್ತೊಂದು ವರ್ಷದ ಹೆಂಗಸು ನಾನು, ಅರ್ಧ ತಲೆ ಬೆಳ್ಳಗಾಗಿದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಅಮ್ಮ ನನ್ನನ್ನು ಕರೆದದ್ದು ಒಂದು ಸಲ ನನ್ನ ಕಿವಿಗೆ ಬೀಳಬೇಕು.

ಅಪ್ಪ ತೀರಿಕೊಂಡ ಮೇಲೆ ಧೈರ್ಯ ಮಾಡಿ ಮನೆಯ ಹಳೇ ಸೂಟ್‌ಕೇಸ್ ಪ್ಲೇಯರಿನಲ್ಲಿ ತಟ್ಟೆ ಹಾಕಿದೆ. ಹಾಡು ಗೊರಗೊರ ಅಂತಲೇ ಸಾಗಿತು. ಕೊನೆಗೆ ಬಂದಾಗ ಸೂಜಿ ಕಿರ್ರೆಂದು ಜಾರಿ ನೇರ ನಡುವಿನ ಕಾಗದದ ಮೇಲೆ ಹೋಗಿ ನಿಂತಿತು. ಮತ್ತೆ ಮುಟ್ಟಲಿಲ್ಲ. ಮಾರನೆಯ ದಿನವೇ ತಟ್ಟೆಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿಕೊಂಡು ಸೂಜಿರಾಯನ ಹತ್ತಿರ ಹೋದೆ.

ಸೂಜಿರಾಯ ಅನ್ನುವುದು ಅಕ್ಕ ಇಟ್ಟ ಹೆಸರು. ಮನುಷ್ಯ ಸೂಜಿಯ ಹಾಗೇ ಉದ್ದ, ಸಪೂರ. ಹಿಂದೆ ಟಾಕೀಸಿನಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದವರು, ಈಗ ಒಂದು ಕಡಿದಾದ ಮೆಟ್ಟಿಲ ಮೇಲಿನ ಅಂಗಡಿಯಲ್ಲಿ ಹಳೇ ಪ್ಲೇಯರುಗಳನ್ನು ರಿಪೇರಿ ಮಾಡುತ್ತಾರೆ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದರು.

"ಇದನ್ನ ಸೂಟ್‌ಕೇಸ್ ಪ್ಲೇಯರ್ ಪೆಟ್ಟಿಗೇಲಿ ಹಾಕಿದ್ರಾ ಮೇಡಂ?"

"ಒಂದೇ ಸಲ."

"ಒಂದೇ ಸಲ ಅಂತ ನೇಗಿಲು ಹೊಡೆದ್ರೆ ಬಿಡುತ್ತಾ? ಆ ಪೆಟ್ಟಿಗೆ ಸೂಜಿ ಏಳೆಂಟು ಗ್ರಾಂ ಭಾರ ಹಾಕುತ್ತೆ. ಇದಕ್ಕೆ ಎರಡು, ಹೆಚ್ಚು ಅಂದ್ರೆ ಮೂರು ಸಾಕು. ಸೂಜಿ ತುದಿ ಅಳತೇನೇ ಬೇರೆ. ನಿಮ್ಮ ಅದೃಷ್ಟ, ಗೀರು ಇನ್ನೂ ಚೆನ್ನಾಗಿದೆ. ಕೊನೆಯವರೆಗೂ ಕಪ್ಪಗೆ ಹೊಳೀತಾ ಇದೆ ನೋಡಿ. ಸರಿಯಾದ ಸೆಟ್ ಮಾಡ್ಕೊಳ್ಳಿ, ಒಂದೇ ಸಲ ಹಾಕಿ, ಅದೇ ಹೊತ್ತಿಗೆ ರೆಕಾರ್ಡ್ ಮಾಡಿಟ್ಕೊಳ್ಳೋಣ. ಆಮೇಲೆ ತಟ್ಟೆ ಮುಟ್ಟೋದೇ ಬೇಡ."

ಸರಿ, ಶುರುವಾಯಿತು ನನ್ನ ಹುಚ್ಚು. ಮನೆಗೆ ಬಂದವಳೇ ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟೆ.

"ಇದು ನಿನ್ ಬೀರುವಲ್ಲಿರ್ಲಿ. ಬೀಗ ಹಾಕು. ಎಲ್ಲಾ ರೆಡಿ ಆಗೋವರೆಗೂ ನಾನೇ ಕೇಳಿದ್ರೂ ಕೊಡ್ಬೇಡ."

"ಯಾಕೇ, ನಿನ್ ಮೇಲೆ ನಿಂಗೇ ನಂಬ್ಕೆ ಇಲ್ವಾ?"

"ಇಲ್ಲ. ನಿನ್ ಮೇಲಿದೆ."

ಅವಳು ಬೀಗ ಹಾಕಿ, ಬೀಗದಕೈಯನ್ನು ಕತ್ತರಿಯ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹೊಸ ಬಟ್ಟೆಗಿಂತ ಹೆಚ್ಚಾಗಿ ದಪ್ಪಗಾದವರಿಗೆ ಬಿಚ್ಚಿಕೊಡುವುದು, ತೆಳ್ಳಗಾದವರಿಗೆ ಹಿಡಿದುಕೊಡುವುದು. ಬೀದಿಯಲ್ಲಿ ಯಾರ ಸೊಂಟ ಈಗ ಎಷ್ಟು ಎಂಬುದು ಅವಳೊಬ್ಬಳಿಗೆ ಗೊತ್ತು, ಆದರೆ ಒಬ್ಬರದು ಇನ್ನೊಬ್ಬರಿಗೆ ಹೇಳಿದವಳಲ್ಲ. ಗುಟ್ಟು ಇಟ್ಟುಕೊಳ್ಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಇದನ್ನು ನಾನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ.

ಮೊದಲು ಪ್ಲೇಯರ್ ಬಂತು. ಒಬ್ಬರು ಕೊಂಡು ಬಳಸದೇ ಇಟ್ಟಿದ್ದದ್ದು, ತಿರುಗುವ ಚಕ್ರವೇ ಒಂದು ಮಗುವಿನಷ್ಟು ತೂಕ. ಹಳೇ ಸೂಟ್‌ಕೇಸ್ ಪ್ಲೇಯರನ್ನು ಆಚೆ ಹಾಕು ಎಂದೆ. "ಗುಜರಿಯವನಿಗೆ ಕೊಟ್ಟೆ," ಎಂದಳು ಅಕ್ಕ. ಆಮೇಲೆ ಸೂಜಿ ಸಿಕ್ಕಿಸುವ ಹೊಸ ಕಾರ್ಟ್ರಿಡ್ಜು, ಅದಕ್ಕೆ ದಪ್ಪ ಗೀರಿನ ಸೂಜಿ. ಅದು ಉಗುರಿನಷ್ಟು ದೊಡ್ಡದಿಲ್ಲ, ಆದರೆ ಸರಿಯಾಗಿ ಕೂರಿಸಲು ನನಗೆ ಮೂರು ಭಾನುವಾರ ಬೇಕಾಯಿತು. ಗೀರಿನ ಮೇಲೆ ಸೂಜಿ ಯಾವ ಕೋನದಲ್ಲಿ ಕೂರಬೇಕೆಂದು ತೋರಿಸುವ ಗೆರೆಯ ಕಾಗದವಿರುತ್ತದೆ, ಅದರ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ. ಕನ್ನಡಕದ ಗಾಜನ್ನು ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಕೂರಿಸುವ ಕೈ ನನ್ನದು. ಸೂಜಿರಾಯ ಬಂದು ನೋಡಿ, "ಮೇಡಂ, ನೀವು ನಮ್ಮ ಕಸುಬಿಗೆ ಬರಬೇಕಿತ್ತು," ಎಂದರು. ನಾನು ಒಂದು ವಾರ ಉಬ್ಬಿಕೊಂಡೇ ಓಡಾಡಿದೆ.

ಸೂಜಿಯ ದನಿ ಬಹಳ ಕ್ಷೀಣ, ಅದನ್ನು ಮೊದಲು ಎತ್ತಿ ಕೊಡಲು ಒಂದು ಸಣ್ಣ ಡಬ್ಬಿ ಬೇಕು. ಅಂಥವು ಎರಡನ್ನು ಸೂಜಿರಾಯ ಪರೀಕ್ಷೆಗೆ ಅಂತ ಕೊಟ್ಟರು. ಯಾವುದು ಒಳ್ಳೆಯದು? ನಾನು ನನ್ನ ಅಂಗಡಿಯ ಪದ್ಧತಿಯನ್ನೇ ಮನೆಗೆ ತಂದೆ. ನಡುವೆ ಒಂದು ಪರದೆ ಕಟ್ಟಿ, ಅದರ ಹಿಂದೆ ಅಕ್ಕನನ್ನು ನಿಲ್ಲಿಸಿ, ಒಂದು ಮಾಮೂಲಿ ರೆಕಾರ್ಡ್ ಹಾಕಿ, ಡಬ್ಬಿ ಬದಲಿಸುತ್ತಾ ಇರು ಎಂದೆ. ಇತ್ತ ನಾನು ಕಣ್ಣು ಮುಚ್ಚಿ "ಒಂದು", "ಎರಡು" ಎನ್ನುತ್ತಾ ಕೂತೆ.

"ನಿಂಗೆ ಯಾವ್ದು ಇಷ್ಟ ಆಯ್ತು ಅಕ್ಕ?"

"ನಂಗೆ ಎರಡೂ ಒಂದೇ ಕಣೇ. ಕಾಲು ನೋಯ್ತಾ ಇದೆ, ಅದೊಂದು ವ್ಯತ್ಯಾಸ ಗೊತ್ತಾಗ್ತಾ ಇದೆ."

ಹೀಗೆ ಗೇಲಿ ಮಾಡಿದರೂ ಅವಳು ಅಡ್ಡಿ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗಿಂತ ಹೆಚ್ಚು ಉತ್ಸಾಹ ತೋರಿಸಿದಳು. ಅವಳ ಹೊಲಿಗೆ ಯಂತ್ರದ ಅದುರು ನೆಲದಲ್ಲಿ ಹರಿದು ಬಂದು ಸೂಜಿಗೆ ತಾಗುತ್ತಿದೆ ಎಂದಾಗ, ನಾನು ಕೇಳುವ ಮುಂಚೆಯೇ ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಿದಳು. ಪ್ಲೇಯರಿಗೆ ಧೂಳು ಕೂರದಂತೆ ಒಂದು ಹೊದಿಕೆ ಹೊಲಿದಳು. ಆರು ತಿಂಗಳಿಗೆ ಎಲ್ಲಾ ಸಿದ್ಧವಾಗಿತ್ತು, ಇನ್ನೇನು ಹಾಕೋಣ ಎಂದೆ. ಆಗ ಅವಳೇ ತಡೆದಳು.

"ಅವಸರ ಯಾಕೆ? ಒಂದೇ ಸಲ ಹಾಕೋದು ಅಂತೀಯ. ಆ ಸ್ಪೀಕರ್ ಇನ್ನೂ ಡಬ್ಬದ ಥರಾನೇ ಇದೆ. ಅದನ್ನೂ ಬದಲಾಯಿಸಿಬಿಡು."

ಸ್ಪೀಕರ್ ಬದಲಾಯಿಸಿದೆ. ಪ್ಲೇಯರಿನ ಕೆಳಗೆ ಕಲ್ಲಿನ ಚಪ್ಪಡಿ ಹಾಕಿಸು ಎಂದಳು, ಹಾಕಿಸಿದೆ. ಸೂಜಿ ಇನ್ನೂ ಒಳ್ಳೆಯದು ಸಿಗುತ್ತಂತಲ್ಲ ಕೇಳು ಎಂದಳು. ಅದು ದೂರದಿಂದ ಬರಬೇಕಿತ್ತು, ಮೂರು ತಿಂಗಳು ಕಾದೆವು. ನನಗೆ ಕಣ್ಣು ತುಂಬಿ ಬರುತ್ತಿತ್ತು. ತನಗೆ ಬೇಡದ ವಿಷಯಕ್ಕೆ, ನನಗೋಸ್ಕರ, ಇಷ್ಟು ತಲೆ ಕೆಡಿಸಿಕೊಳ್ಳುತ್ತಾಳಲ್ಲ ಎಂದು ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಹೀಗೆ ಒಂದೂವರೆ ವರ್ಷ ಕಳೆಯಿತು.

ಕೊನೆಗೆ ಒಂದು ರಜೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮುಹೂರ್ತ ಇಟ್ಟೆ. ಸೂಜಿರಾಯ ರೆಕಾರ್ಡ್ ಮಾಡುವ ಯಂತ್ರ ತಂದು ತಂತಿ ಜೋಡಿಸಿದರು. ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ. ಅಕ್ಕ ಬೀರು ತೆಗೆದು ತಟ್ಟೆಯನ್ನು ತಂದು ಕೊಟ್ಟಳು. ಅವಳ ಕೈ ತಣ್ಣಗಿತ್ತು. ನನ್ನ ಹಾಗೇ ಅವಳಿಗೂ ಗಾಬರಿ ಎಂದುಕೊಂಡೆ. ತಟ್ಟೆಯನ್ನು ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ಚಕ್ರದ ಮೇಲಿಟ್ಟು, ಮೃದುವಾದ ಕುಂಚದಿಂದ ಒಂದು ಸಲ ಸವರಿ, ಸೂಜಿ ಇಳಿಸಿದೆ.

ಅದನ್ನು ಹೇಗೆ ಹೇಳಲಿ. ಅಮ್ಮ ಉಸಿರೆಳೆದುಕೊಂಡಳು. ಹಾಡುವ ಮುಂಚೆ, ನಮ್ಮ ಮುಂದಿನ ಕೋಣೆಯಲ್ಲಿ, ಎರಡು ಸ್ಪೀಕರಿನ ನಡುವೆ ನಿಂತುಕೊಂಡು ಉಸಿರೆಳೆದುಕೊಂಡಳು. ಹಳೇ ಪೆಟ್ಟಿಗೆಯಲ್ಲಿ ಕೇಳಿದ್ದದ್ದು ಯಾರೋ ಬಾವಿಯೊಳಗೆ ಹಾಡಿದ ಹಾಗಿತ್ತು. ಈಗ ಅವಳ ನಾಲಿಗೆ ಹಲ್ಲಿಗೆ ತಾಗುವುದು ಕೇಳುತ್ತಿತ್ತು. ಎತ್ತರದ ಸ್ವರ ಬಂದಾಗ ಸ್ವಲ್ಪ ಹೆದರುತ್ತಾಳೆ, ದಾಟಿದ ಮೇಲೆ ಅವಳಿಗೇ ಖುಷಿಯಾಗುತ್ತದೆ, ಅದೂ ಕೇಳುತ್ತಿತ್ತು. ಮರದ ಸ್ಟೂಲು ಕಿರುಗುಟ್ಟಿತು. ಎರಡನೇ ಚರಣದ ಮಧ್ಯೆ ಒಂದು ಸಣ್ಣ ಹುಡುಗಿ ಕೆಮ್ಮಿದಳು.

"ಅಕ್ಕಾ, ಅದು ನೀನು," ಎಂದೆ ಪಿಸುಮಾತಿನಲ್ಲಿ. ಬಾಗಿಲ ಹತ್ತಿರ ಕೂತಿದ್ದ ಅಕ್ಕ ತಲೆ ಎತ್ತಲಿಲ್ಲ.

ಹಾಡು ಮುಗಿಯಿತು. ಅಮ್ಮ ಉಸಿರು ಬಿಟ್ಟಳು. ನಾನು ಎರಡೂ ಕೈ ಎದೆಗೆ ಒತ್ತಿ ಹಿಡಿದೆ.

ಕರಕರ ಎಂಬ ಸದ್ದು ಬಂತು. ಒಣ ಎಲೆಯನ್ನು ಅಂಗೈಯಲ್ಲಿ ಪುಡಿ ಮಾಡಿದ ಹಾಗೆ. ಒಂಬತ್ತು ಸೆಕೆಂಡು ಅದೊಂದೇ. ಅದರ ಹಿಂದೆಲ್ಲೋ ಏನೋ ಇದ್ದ ಹಾಗಿತ್ತು, ದನಿಯೋ ಗಾಳಿಯೋ ಹೇಳಲಾಗದು. ಆಮೇಲೆ ಸೂಜಿ ನಡುವಿನ ಕಾಗದದ ಅಂಚಿಗೆ ಬಂದು ಟಕ್ ಟಕ್ ಎನ್ನತೊಡಗಿತು. ಸೂಜಿರಾಯ ಅದನ್ನು ಎತ್ತಿದರು.

"ಒಳಗಿನ ಸುತ್ತು ಇಕ್ಕಟ್ಟು ಮೇಡಂ, ಎಲ್ಲಾ ತಟ್ಟೇಲೂ ಅಲ್ಲಿ ತೊಂದರೇನೇ," ಎಂದರು. "ಆದ್ರೂ ಇಷ್ಟೊಂದಾ? ಸೂಜಿ ಕೋನ ಇನ್ನೊಂದ್ಸಲ ನೋಡಿ. ತಟ್ಟೆ ಮತ್ತೆ ಹಾಕ್ಬೇಡಿ."

ತಪ್ಪು ನನ್ನದೇ ಎಂದುಕೊಂಡೆ. ಮತ್ತಿನ್ನೇನು. ಕೋನ ಇಟ್ಟವಳು ನಾನು, ಭಾರ ಅಳೆದವಳು ನಾನು. ಒಂದು ವಾರ ಪೂರ್ತಿ, ಕೆಲಸದಿಂದ ಬಂದವಳೇ ಗೆರೆಯ ಕಾಗದದ ಮೇಲೆ ಬಗ್ಗಿ ಕೂತೆ. ಎಲ್ಲಾ ಸರಿಯಾಗಿತ್ತು. ಸರಿಯಾಗಿದ್ದದ್ದನ್ನೇ ಬಿಚ್ಚಿ ಮತ್ತೆ ಸರಿ ಮಾಡಿದೆ. ಬೇರೆ ತಟ್ಟೆ ಹಾಕಿದರೆ ಕೊನೆಯ ಸುತ್ತಿನವರೆಗೂ ನೀರಿನ ಹಾಗೆ ಹೋಗುತ್ತಿತ್ತು. ಅಮ್ಮನ ತಟ್ಟೆಯನ್ನೇ ಅದರ ಆಯುಷ್ಯದ ಕೊನೆಯ ಗಳಿಗೆಯಲ್ಲಿ ನಾನು ಕೆಡಿಸಿಬಿಟ್ಟೆನೋ ಎಂದು ಒಂದು ಸಂಜೆ ಅತ್ತುಬಿಟ್ಟೆ. ಅಕ್ಕ ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ನಿನ್ ತಪ್ಪಲ್ಲ ಕಣೇ. ಹಳೇದು, ಎಷ್ಟು ದಿನ ಅಂತ ಇರುತ್ತೆ. ಹಾಡು ಸಿಕ್ತಲ್ಲ, ಅಷ್ಟು ಸಾಕು ಅನ್ಕೋ. ಆ ಮಾತು ನಾನು ಹೇಳ್ತೀನಲ್ಲ ನಿಂಗೆ. ಪುಟ್ಟೀ, ಬಾ ನನ್ನ ಬಂಗಾರ..."

ನಾನು ಆ ಹೊಟ್ಟೆಗೆ ಮುಖ ಒತ್ತಿಕೊಂಡು ಸಮಾಧಾನ ಮಾಡಿಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ.

ಮಾರನೆಯ ದಿನ ತಟ್ಟೆಯನ್ನು ಅಂಗಡಿಗೆ ತೆಗೆದುಕೊಂಡು ಹೋದೆ. ಗಾಜಿನ ಮೇಲಿನ ಸಣ್ಣ ಗೀರು ನೋಡಲು ನಮ್ಮಲ್ಲಿ ಒಂದು ಮೈಕ್ರೋಸ್ಕೋಪಿದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಟ್ಟೆಯನ್ನು ಅದರ ಕೆಳಗಿಟ್ಟೆ. ನನ್ನ ಸೂಜಿ ಎಲ್ಲಿ ಕೊರೆದಿದೆ, ಎಡಗೋಡೆಯನ್ನೋ ಬಲಗೋಡೆಯನ್ನೋ, ಅಷ್ಟು ತಿಳಿದರೆ ಸಾಕಿತ್ತು.

ಹಾಡಿನ ಗೀರುಗಳು ಹೊಸದರ ಹಾಗಿದ್ದವು. ಕಪ್ಪಗೆ, ನುಣ್ಣಗೆ, ಹೊಳೆಯುತ್ತಾ. ಕೊನೆಗೆ ಸರಿಸಿದೆ. ಅಲ್ಲಿ ಬೂದಿ ಬಣ್ಣದ ಒಂದು ಉಂಗುರ. ಕ್ರಮೇಣ ಮಸುಕಾದದ್ದಲ್ಲ, ಗೆರೆ ಎಳೆದ ಹಾಗೆ ಒಂದೇ ಜಾಗದಲ್ಲಿ ಶುರು. ಸ್ಕೇಲಿಟ್ಟು ಅಳೆದೆ, ಮೂರು ಮಿಲಿಮೀಟರ್ ಅಗಲ. ಅದು ಶುರುವಾಗುವಲ್ಲಿ ಒಂದರ ಪಕ್ಕ ಒಂದು ಗುಳಿಗಳು, ಲೆಕ್ಕವಿಲ್ಲದಷ್ಟು. ಸೂಜಿಯನ್ನು ಕೈಯಲ್ಲಿ ಹಿಡಿದು ಅದೇ ಜಾಗಕ್ಕೆ ಮತ್ತೆ ಮತ್ತೆ ಇಳಿಸಿದರೆ ಬೀಳುವ ಗುಳಿಗಳು. ಒಳಗೆ ಗೀರಿನ ಗೋಡೆಗಳೇ ಇರಲಿಲ್ಲ, ಚರಂಡಿಯ ಹಾಗೆ ಕಿತ್ತುಹೋಗಿತ್ತು. ಆ ಚರಂಡಿಯಲ್ಲಿ ನೀಲಿ ಪುಡಿ ಕೂತಿತ್ತು.

ನೀಲಿ ಪುಡಿ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಮನೆಯ ಬಾಗಿಲ ಹಿಡಿಕೆಯ ಮೇಲೆ, ನಲ್ಲಿಯ ಮೇಲೆ, ಚಹಾದ ಲೋಟದ ಮೇಲೆ, ಎಲ್ಲಾ ಕಡೆ ಅದು ಇರುತ್ತದೆ. ಬಟ್ಟೆಯ ಮೇಲೆ ಗುರುತು ಹಾಕುವ ಟೈಲರ್ ಚಾಕ್.

ಮೈ ಹುಷಾರಿಲ್ಲ ಎಂದು ಹೇಳಿ ಮಧ್ಯಾಹ್ನಕ್ಕೇ ಅಂಗಡಿಯಿಂದ ಹೊರಟೆ. ದಾರಿಯುದ್ದಕ್ಕೂ ಒಂದೊಂದೇ ಜೋಡಿಸಿಕೊಳ್ಳುತ್ತಾ ಬಂದೆ. ಸ್ಪೀಕರ್ ಬದಲಾಯಿಸು. ಕಲ್ಲು ಹಾಕಿಸು. ಇನ್ನೂ ಒಳ್ಳೆಯ ಸೂಜಿ ತರಿಸು. ಅಷ್ಟೂ ದಿನ ನಾನು ಅಮ್ಮನ ದನಿಗೆ ಒಂದೊಂದು ಇಟ್ಟಿಗೆ ಇಡುತ್ತಿದ್ದರೆ, ಅವಳು ಹಿಂದಿನ ಕೋಣೆಯಲ್ಲಿ ಕೂತು ಒಂದೊಂದನ್ನು ಕೀಳುತ್ತಿದ್ದಳು. ನಂಬಿಸಿ ಕತ್ತು ಕೊಯ್ಯುವುದು ಅನ್ನುತ್ತಾರಲ್ಲ, ಅದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ಕಂಡಿಲ್ಲ.

ಹಿಂದಿನ ಕೋಣೆಯಲ್ಲಿ ಅಕ್ಕ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ನಾನು ತಟ್ಟೆಯನ್ನು ಅವಳ ಕತ್ತರಿಸುವ ಮೇಜಿನ ಮೇಲೆ, ಬಟ್ಟೆಯ ಚೂರುಗಳ ನಡುವೆ ಇಟ್ಟೆ.

"ಹಳೇ ಪ್ಲೇಯರ್ ಎಲ್ಲಿ?"

ಅವಳು ನನ್ನ ಮುಖ ನೋಡಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮೇಜಿನ ಕೆಳಗೆ ಇಳಿಬಿಟ್ಟಿದ್ದ ಬಟ್ಟೆಯನ್ನು ಸರಿಸಿದಳು. ಸೂಟ್‌ಕೇಸ್ ಪ್ಲೇಯರ್ ಅಲ್ಲೇ ಇತ್ತು, ಮುಚ್ಚಳದ ತುಂಬ ನೀಲಿ ಬೆರಳಚ್ಚುಗಳು.

"ಸೂಜಿ ಜಾರ್ತಿತ್ತಲ್ಲ, ಹೆಂಗೆ ಹಾಕ್ದೆ?"

"ಬೆರಳಲ್ಲಿ ಒತ್ತಿ ಹಿಡ್ಕೋತಿದ್ದೆ."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ. ಕೇಳಿಸದೇ ಇರೋವರೆಗೂ."

ಎಷ್ಟು ಸಮಾಧಾನವಾಗಿ ಹೇಳಿದಳೆಂದರೆ ನನಗೆ ಅವಳ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಕೂಗಿದೆ. ಏನೇನು ಕೂಗಿದೆನೋ ನೆನಪಿಲ್ಲ. ಹೊಟ್ಟೆಕಿಚ್ಚಾ ನಿಂಗೆ ಎಂದೆ. ಅಮ್ಮ ನನ್ನ ಒಬ್ಬಳನ್ನೇ ಕರೆದಳು, ನಿನ್ನ ಕರೆಯಲಿಲ್ಲ, ಅದಕ್ಕಾ ಎಂದೆ. ಎಂಟು ವರ್ಷ ಅವಳ ಜೊತೆ ಇದ್ದವಳಿಗೆ ನನ್ನ ಒಂಬತ್ತು ಸೆಕೆಂಡ್ ಬೇಕಾಯ್ತಾ ಎಂದೆ. ಅಕ್ಕ ಕೋಟಿನ ತೋಳನ್ನು ಮಡಚಿ ಪಕ್ಕಕ್ಕಿಟ್ಟಳು.

"ಅವಳು ನಿನ್ನ ಕರೀಲಿಲ್ಲ ಪುಟ್ಟಿ."

"ಅಂದ್ರೆ?"

"ಬಾ ನನ್ನ ಬಂಗಾರ ಅಂತ ಅಲ್ಲಿ ಇಲ್ಲ. ಅದು ಅಪ್ಪ ಕಟ್ಟಿದ್ದು. ಆಮೇಲೆ ನಾನೂ ಹೇಳ್ದೆ."

ಅವಳ ಗಿರಾಕಿಗಳು ಕೂರುವ ಮುಕ್ಕಾಲಿಯ ಮೇಲೆ ಕೂತೆ.

"ನೀನು ಅಪ್ಪನ ಹೆಗಲ ಮೇಲಿದ್ದೆ," ಎಂದಳು. "ಹಾಡೋವಾಗೆಲ್ಲಾ ಸುಮ್ನಿದ್ದು ಕೊನೇ ಸಾಲು ಮುಗಿದಿದ್ದೇ ಚಿಟ್ಟನೆ ಚೀರಿದೆ. ಅಮ್ಮಂಗೆ ಮೊದ್ಲೇ ಜ್ವರ ಇತ್ತು ಆವತ್ತು. ಯಂತ್ರ ಇನ್ನೂ ಓಡ್ತಾ ಇದೆ ಅಂತ ಅವಳಿಗೆ ಗೊತ್ತಿರ್ಲಿಲ್ಲ. ಬೈದ್ಲು."

"ಏನಂತ?"

"ಬೇಡ ಬಿಡು."

"ಏನಂತ ಅಕ್ಕ?"

ಅವಳು ಗೋಡೆ ನೋಡಿಕೊಂಡು ಹೇಳಿದಳು. "ಈ ಪೀಡೇನ ಯಾರಾದ್ರೂ ಆಚೆ ಎತ್ಕೊಂಡು ಹೋಗಿ. ಒಂದು ಹಾಡು ಹಾಡೋಕೂ ಬಿಡಲ್ಲ. ಯಾಕಾದ್ರೂ ಹುಟ್ತೋ."

ಹೊರಗೆ ಯಾರೋ ಬಾಗಿಲು ತಟ್ಟಿದರು. ಬಟ್ಟೆ ತೆಗೆದುಕೊಂಡು ಹೋಗಲು ಬಂದವರಿರಬೇಕು. ನಾವಿಬ್ಬರೂ ಏಳಲಿಲ್ಲ. ತಟ್ಟಿ ತಟ್ಟಿ ಅವರು ಹೋದರು.

"ಅಮ್ಮ ಕೆಟ್ಟವಳಲ್ಲ ಕಣೇ," ಅಕ್ಕ ಬೇಗಬೇಗ ಹೇಳತೊಡಗಿದಳು. "ಬಾಯಿಗೆ ಬಂದಿದ್ದು ಅಂದ್ಬಿಟ್ಲು, ಎಲ್ಲಾ ತಾಯಂದಿರೂ ಅಂತಾರೆ. ಮನೆಗೆ ಬರೋ ಅಷ್ಟರಲ್ಲಿ ನಿನ್ನ ಎದೆಗೆ ಹಾಕ್ಕೊಂಡಿದ್ಲು. ಆದ್ರೆ ಬೇರೆಯವರ ಅಮ್ಮಂದಿರು ಆಮೇಲೂ ಇರ್ತಾರಲ್ಲ, ನಿಂಗೆ ಉಳಿದಿದ್ದು ಅದೊಂದೇ. ಅದು ನಿಂಗೆ ಯಾವತ್ತೂ ಕೇಳಿಸ್ಬಾರ್ದು ಅಂತ ಅಪ್ಪ ನನ್ ಕೈ ಹಿಡ್ಕೊಂಡು ಹೇಳಿದ್ರು. ನೀನು ಆ ಸೂಜಿ, ಈ ಡಬ್ಬಿ ಅಂತ ಶುರು ಮಾಡ್ದಾಗ ನಂಗೆ ಊಟ ಸೇರ್ತಿರ್ಲಿಲ್ಲ. ಮಧ್ಯಾಹ್ನ ನೀನಿಲ್ದಾಗ ಕೂತ್ಕೊಂಡು, ದಿನಾ ಆ ಮಾತು ಕೇಳ್ಕೊಂಡು..."

"ಒಡೆದು ಹಾಕ್ಬಹುದಿತ್ತಲ್ಲ."

"ಹಾಡು ಬೇಕಿತ್ತಲ್ಲ ನಿಂಗೆ."

"ಹಾಡು ನಿನ್ನದು," ಎಂದೆ. "ಹಾಡಲ್ಲಿ ನೀನಿದ್ದೀಯ. ನಿನ್ನ ಕೆಮ್ಮಿದೆ. ನಾನು ಎಲ್ಲಿದ್ದೆ ಹೇಳು. ಕೊನೇಲಿ ಚೀರಿದ್ದು ಯಾರು?"

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಬೈಲಿ. ಪೀಡೆ ಅನ್ಲಿ. ಅವಳು ನಂಗೆ ಅಂತ ಆಡಿದ್ದು ಅದೊಂದೇ ಮಾತು. ನಾನು ಅತ್ತೆ, ಅವಳು ಬೈದ್ಲು, ನಾವಿಬ್ರೂ ಒಟ್ಟಿಗೆ ಇದ್ದಿದ್ದು ಇಡೀ ಜಗತ್ತಲ್ಲಿ ಅಲ್ಲಿ ಮಾತ್ರ. ಅದನ್ನ ನೀನು ಚಾಕ್ ಮೆತ್ತಿದ ಕೈಯಲ್ಲಿ ಉಜ್ಜಿ ಹಾಕ್ದೆ. ನನ್ನ ಕೇಳಿದ್ಯಾ? ಐವತ್ತೊಂದು ವರ್ಷ ಆಗಿದೆ ನಂಗೆ. ಒಂದು ಬೈಗುಳ ತಡ್ಕೊಳ್ಳೋ ಶಕ್ತಿ ಇಲ್ಲ ಅಂತ ನೀವಿಬ್ರೂ ಸೇರ್ಕೊಂಡು ತೀರ್ಮಾನ ಮಾಡಿದ್ರಾ?"

ಅಕ್ಕ ಅಳಲು ಶುರು ಮಾಡಿದಳು. ನನಗೆ ಕರುಣೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆ ಒಂಬತ್ತು ಸೆಕೆಂಡು ಈಗ ಇದ್ದದ್ದು ಅವಳೊಬ್ಬಳ ಕಿವಿಯಲ್ಲಿ. ಒಂದೂವರೆ ವರ್ಷ ದಿನಾ ಕೇಳಿದವಳು ಅವಳು. ನಾನು ಮುಕ್ಕಾಲಿಯನ್ನು ಅವಳ ಮುಂದಕ್ಕೆ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ.

"ಹೇಳು. ಅವಳು ಹೇಳಿದ ಹಾಗೇ ಹೇಳು."

"ಆಗಲ್ಲ ಪುಟ್ಟಿ."

"ಹೇಳು."

ಅವಳು ಹೇಳಿದಳು. ಈ ಪೀಡೇನ ಯಾರಾದ್ರೂ ಆಚೆ ಎತ್ಕೊಂಡು ಹೋಗಿ. ಮಾತಿನ ಮಧ್ಯೆ ಅಳು ಬರುತ್ತಿತ್ತು.

"ಅಮ್ಮ ಅಳ್ತಿದ್ಲಾ?"

"ಇಲ್ಲ."

"ಮತ್ತೆ? ಸಿಟ್ಟಲ್ಲಿ ಹೇಳು."

ಮೂಗು ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು ಅಕ್ಕ ಇನ್ನೊಂದು ಸಲ ಹೇಳಿದಳು. ಸಿಟ್ಟು ಬರಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟು ಮಾಡಿ ಗೊತ್ತೇ ಇರಲಿಲ್ಲ. ಯಾಕಾದ್ರೂ ಹುಟ್ತೋ ಎನ್ನುವಾಗ ಅವಳ ಕೈ ತಾನಾಗಿಯೇ ಬಂದು ನನ್ನ ಕೆನ್ನೆ ಸವರಿತು. ಆ ಕೈಯನ್ನು ಹಿಡಿದು ಅವಳ ಮಡಿಲಲ್ಲೇ ಇಟ್ಟೆ.

"ಹಂಗಲ್ಲ," ಎಂದೆ. "ಇನ್ನೊಂದ್ಸಲ ಹೇಳು."